ಬಸವನಗುಡಿ ಸುತ್ತಲಲ್ಲೇ ಮನೆ ಬದಲಾವಣೆ: ಮೂರು ಥರದ ಮನೆ, ಒಂದು ಬೀರು

ಎನ್‌ಆರ್ ಕಾಲೋನಿ ಸೊಸೆ:

ನಮಸ್ಕಾರ ಎಲ್ಲರಿಗೂ. ಈ ಕಡೆ ಇರುವವರು ಸ್ವಲ್ಪ ದಾರಿ ತೋರಿಸಬೇಕು.

ನಾವು ಎನ್‌ಆರ್ ಕಾಲೋನಿಯಲ್ಲಿ ಹಳೇ ಮನೆಯೊಂದರ ಗ್ರೌಂಡ್ ಫ್ಲೋರಿನಲ್ಲಿ ಬಾಡಿಗೆಗೆ ಇದ್ದೇವೆ. ರೆಡ್ ಆಕ್ಸೈಡ್ ನೆಲ, ಮೂರು ರೂಮಿಗೂ ಅಟ್ಟ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಓನರ್ ಈಗ ಬಿಲ್ಡರ್ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಮನೆ ಒಡೆದು ಫ್ಲ್ಯಾಟ್ ಕಟ್ಟುತ್ತಾರೆ. ನಮಗೆ ಎರಡು ತಿಂಗಳು ಟೈಮ್ ಕೊಟ್ಟಿದ್ದಾರೆ. ಜಗಳ ಗಿಗಳ ಏನಿಲ್ಲ, ಒಳ್ಳೆಯ ಜನ.

ಮಗನ ಸ್ಕೂಲು, ಅತ್ತೆಯ ಡಾಕ್ಟರು, ನಮ್ಮವರ ಮೆಟ್ರೋ ಎಲ್ಲ ಇಲ್ಲೇ. ಹಾಗಾಗಿ ಈ ಏರಿಯಾ ಬಿಟ್ಟು ಹೋಗುವ ಮಾತೇ ಇಲ್ಲ. ಸುತ್ತಿ ಸುತ್ತಿ ಮೂರು ಮನೆಗೆ ಬಂದು ನಿಂತಿದ್ದೇವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಮೊದಲನೆಯದು ಹನುಮಂತನಗರದಲ್ಲಿ 20-30 ಅಡಿ ಸೈಟಿನ ಮನೆ, ಎರಡನೇ ಮಹಡಿ. ಹೊಸದು, ಗಾಳಿ ಬೆಳಕು ಚೆನ್ನಾಗಿದೆ, ಬಾಡಿಗೆ ಕಡಿಮೆ. ಲಿಫ್ಟ್ ಇಲ್ಲ. ಎರಡನೆಯದು ಗಾಂಧಿಬಜಾರ್ ಹಿಂದೆ ವಠಾರದ ಮನೆ. ಮೂಲೆ ಮನೆ, ಚಿಕ್ಕದು. ಅತ್ತೆಗೆ ಇದರ ಮೇಲೇ ಕಣ್ಣು, ಮಾತಿಗೆ ನಾಲ್ಕು ಜನ ಸಿಗುತ್ತಾರೆ ಅಂತ. ಮೂರನೆಯದು ತ್ಯಾಗರಾಜನಗರದಲ್ಲಿ ಅಪಾರ್ಟ್‌ಮೆಂಟ್. ಮೊದಲನೇ ಮಹಡಿ, ಲಿಫ್ಟ್ ಇದೆ, ಬಾಡಿಗೆ ಜಾಸ್ತಿ, ಮೇಂಟೆನೆನ್ಸ್ ಬೇರೆ.

ಸಾಮಾನು ಕೇಳಬೇಡಿ. ಹಳೇ ಕಬ್ಬಿಣದ ಬೀರು, ಮಾವನವರ ಕಾಲದ ತೇಗದ ಮಂಚ, ಫ್ರಂಟ್ ಲೋಡ್ ವಾಷಿಂಗ್ ಮಷೀನು, ಇನ್ವರ್ಟರ್, ಅಟ್ಟದ ತುಂಬ ಹಿತ್ತಾಳೆ ತಾಮ್ರ, ದಸರಾ ಗೊಂಬೆ ಪೆಟ್ಟಿಗೆಗಳು, ಪುಸ್ತಕ, ಒಂದಷ್ಟು ಕುಂಡ. ಆಷಾಢ ಹುಟ್ಟುವ ಮುಂಚೆ ಹೋಗಬೇಕು ಅಂತ ಅತ್ತೆ. ಪ್ಯಾಕರ್ಸ್‌ನವರು ಕೇಳುವ ರೇಟು ನೋಡಿದರೆ ತಲೆ ತಿರುಗುತ್ತದೆ, ದೂರ ಮಾತ್ರ ಎಲ್ಲಿಗೆ ಹೋದರೂ ಎರಡು ಕಿಲೋಮೀಟರ್ ದಾಟುವುದಿಲ್ಲ. ಎಲ್ಲಿಂದ ಶುರು ಮಾಡಲಿ?


ಟೇಪು ಹಿಡಿದವ:

ಮೇಡಂ, ಬಡಗಿ ಕೆಲಸದವನು ನಾನು. ಈ ಏರಿಯಾದಲ್ಲೇ ಮಂಚ ಬಿಚ್ಚಿ ಜೋಡಿಸಿ ತಲೆ ನರೆತಿದೆ. ಒಂದೇ ಮಾತು ಹೇಳುತ್ತೇನೆ. ಅಡ್ವಾನ್ಸ್ ಕೊಡುವ ಮುಂಚೆ ಮೂರೂ ಮನೆಗೆ ಟೇಪು ತೆಗೆದುಕೊಂಡು ಹೋಗಿ. ರೂಮು ಅಳೆಯುವುದಕ್ಕಲ್ಲ. ಮೆಟ್ಟಿಲು ಅಳೆಯುವುದಕ್ಕೆ.

ನಿಮ್ಮ ಬೀರು ಹಳೇ ಸೈಜಿನದಾದರೆ ಎತ್ತರ ಆರೂವರೆ ಅಡಿ, ಅಗಲ ಮೂರಡಿ, ದಪ್ಪ ಒಂದೂವರೆ ಅಡಿಗೆ ಸ್ವಲ್ಪ ಮೇಲೆ. ನೇರ ಮೆಟ್ಟಿಲಾದರೆ ಎಷ್ಟು ಕಡಿದಾಗಿದ್ದರೂ ನಾಲ್ಕು ಜನ ಹತ್ತಿಸುತ್ತಾರೆ. ಗ್ರಹಚಾರ ಇರುವುದು ತಿರುವಿನಲ್ಲಿ. ಮೆಟ್ಟಿಲು ಹೊರಳುವ ಜಾಗದಲ್ಲಿ ಚೌಕದ ಅಗಲ ಎಷ್ಟು, ಆ ಚೌಕದಲ್ಲಿ ನಿಂತಾಗ ತಲೆ ಮೇಲಿನ ಸ್ಲ್ಯಾಬು ಎಷ್ಟು ಎತ್ತರ, ಕೈಪಿಡಿ ಕಂಬಿ ಒಳಗೆ ಎಷ್ಟು ಚಾಚಿದೆ, ಈ ಮೂರು ಬರೆದುಕೊಳ್ಳಿ. 20-30 ಮನೆಗಳಲ್ಲಿ ಜಾಗ ಉಳಿಸುವುದಕ್ಕೆ ಮೊದಲು ಕತ್ತರಿ ಹಾಕುವುದೇ ಮೆಟ್ಟಿಲಿಗೆ. ಎರಡೂವರೆ ಅಡಿ ಅಗಲದ ಮೆಟ್ಟಿಲು ಇರುತ್ತದೆ, ಚೌಕವೂ ಇಲ್ಲದೆ ತ್ರಿಕೋನದ ಮೆಟ್ಟಿಲಲ್ಲೇ ಹೊರಳಿಸಿರುತ್ತಾರೆ. ಅಲ್ಲಿ ಬೀರು ಸಿಕ್ಕಿಹಾಕಿಕೊಂಡರೆ ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ.

ತೇಗದ ಮಂಚದ ಚಿಂತೆ ಬೇಡ. ಹಳೇ ಮಂಚಗಳು ಬಿಚ್ಚಿದರೆ ನಾಲ್ಕು ಕಾಲು, ನಾಲ್ಕು ಪಟ್ಟಿ, ಹಲಗೆ. ಅಷ್ಟೇ. ಈಗಿನ ಪ್ಲೈವುಡ್ ಬಾಕ್ಸ್ ಮಂಚಗಳೇ ತೊಂದರೆ. ಎರಡು ಸಲ ಬಿಚ್ಚಿದರೆ ಸ್ಕ್ರೂ ಹಿಡಿಯುವುದಿಲ್ಲ. ಪಟ್ಟಿಗಳಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿಸಿ, ಯಾವುದು ತಲೆ ಕಡೆ, ಯಾವುದು ಕಾಲ ಕಡೆ ಅಂತ. ಬೋಲ್ಟುಗಳನ್ನು ಒಂದು ಕವರಿಗೆ ಹಾಕಿ ಅದೇ ಪಟ್ಟಿಗೆ ಕಟ್ಟಿ.


ಮೂರನೇ ಮಹಡಿ:

ಟೇಪಣ್ಣ ಹೇಳಿದ್ದು ನೂರಕ್ಕೆ ನೂರು. ಹನುಮಂತನಗರದಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿಗೆ ಒಂದು ಬೀರು ಹೋದ ಕಥೆ ಕೇಳಿ. ಮೆಟ್ಟಿಲಲ್ಲಿ ಆಗಲಿಲ್ಲ. ಹಗ್ಗ ಹಾಕಿ ಬಾಲ್ಕನಿಯಿಂದ ಎಳೆಯೋಣ ಅಂದರು. ಬೀರಿನ ಸುತ್ತ ಹಳೇ ಬೆಡ್‌ಶೀಟ್ ಕಟ್ಟಿ, ಮೇಲೆ ಎರಡು ಸುತ್ತು ಹಗ್ಗ. ಮೇಲೆ ಮೂರು ಜನ, ಕೆಳಗೆ ಇಬ್ಬರು, ಮೊದಲನೇ ಮಹಡಿಯ ಸಜ್ಜೆ ಮೇಲೆ ಒಬ್ಬ, ಬೀರು ಗೋಡೆಗೆ ತಗುಲದ ಹಾಗೆ ಕಾಲಲ್ಲಿ ಒತ್ತಿ ಹಿಡಿಯುವುದಕ್ಕೆ. ಮೊದಲನೇ ಮಹಡಿ ದಾಟುತ್ತಿದ್ದ ಹಾಗೆ ರಸ್ತೆ ಕಡೆ ತಿರುಗಿಬಿಟ್ಟಿತು. ಎದುರಿಗೆ ಕರೆಂಟ್ ವೈರು. ಕೆಳಗಿದ್ದವನು "ನಿಲ್ಲಿಸ್ರೋ ನಿಲ್ಲಿಸ್ರೋ" ಅಂತ ಕೂಗಿದ. ಇಡೀ ರಸ್ತೆ ಹೊರಗೆ ಬಂದು ನಿಂತಿತ್ತು. ಕೊನೆಗೆ ಇಳಿಸಿದರು. ಆ ಬೀರು ಈಗ ಅವರ ತಂಗಿ ಮನೆಯಲ್ಲಿದೆ, ಚನ್ನಪಟ್ಟಣದಲ್ಲಿ.

ಹಗ್ಗ ಹಾಕುವ ಯೋಚನೆ ಇದ್ದರೆ ಮೊದಲು ವೈರು ಎಲ್ಲಿದೆ, ಬಾಲ್ಕನಿಗೆ ಗ್ರಿಲ್ ಇದೆಯಾ ನೋಡಿ. ಗ್ರಿಲ್ ಇದ್ದರೆ ಆ ಮಾತೇ ಬಿಡಿ.

ಇನ್ನೊಂದು. ಅತ್ತೆಯವರಿಗೆ ಮಂಡಿ ನೋವು ಇದೆಯಾ? ಡಾಕ್ಟರ್ ಅಂದಿರಿ, ಅದಕ್ಕೆ ಕೇಳಿದೆ. ಎರಡನೇ ಮಹಡಿ ಅಂದರೆ ದಿನಾ ದೇವಸ್ಥಾನಕ್ಕೆ ಹೋಗಿ ಬರುವವರು ವಾರಕ್ಕೊಮ್ಮೆ ಹೋಗುವ ಹಾಗೆ ಆಗುತ್ತಾರೆ. ನಮ್ಮ ಅಮ್ಮನ ವಿಷಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಅದೂ ಅಲ್ಲದೆ ಹನುಮಂತನಗರದ ರಸ್ತೆಗಳು ನಿಮಗೆ ಗೊತ್ತಲ್ಲ, ರಾಮಾಂಜನೇಯ ಗುಡ್ಡದ ಸುತ್ತ ಎಲ್ಲ ಏರು ಇಳಿಜಾರು. ಮೆಟ್ಟಿಲು ಇಳಿದ ಮೇಲೆ ಏರು ಹತ್ತಬೇಕು.


ಎನ್‌ಆರ್ ಕಾಲೋನಿ ಸೊಸೆ:

ಹೌದು, ಮಂಡಿ ನೋವೇ. ದೇವಸ್ಥಾನದ ಮಾತು ಹೇಳಿದಿರಲ್ಲ, ಅದು ನಾಟಿತು. ಹನುಮಂತನಗರದ ಮನೆಗೆ ನಮ್ಮವರು ಸಂಜೆ ಟೇಪು ಹಿಡಿದು ಹೋಗುತ್ತಾರೆ. ಹಾಗಾದರೆ ವಠಾರವೇ ಸರಿನಾ? ಅತ್ತೆ ಗೆದ್ದ ಹಾಗೆ ಆಯಿತು :)


ವಠಾರದ ಹುಡುಗ:

ಅಕ್ಕ, ನಾನು ಹುಟ್ಟಿ ಬೆಳೆದಿದ್ದು ಚಾಮರಾಜಪೇಟೆಯ ವಠಾರದಲ್ಲಿ. ವಠಾರ ಅಂದರೆ ಪ್ರಾಣ ನನಗೆ. ಆದರೂ ಹೇಳುತ್ತೇನೆ, ಒಪ್ಪಿಕೊಳ್ಳುವ ಮುಂಚೆ ಸ್ವಲ್ಪ ಕೆದಕಿ ಕೇಳಿ.

ಬಚ್ಚಲು, ಟಾಯ್ಲೆಟ್ ಮನೆ ಒಳಗಿದೆಯಾ, ಹೊರಗಿದೆಯಾ? ಒಳಗಿದ್ದರೂ ಕಮೋಡ್ ಇದೆಯಾ? ಮಂಡಿ ನೋವಿನವರಿಗೆ ಇಂಡಿಯನ್ ಟಾಯ್ಲೆಟ್ ಆಗುವುದಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬಂದಾಗ ಸಂಪಿಗೆ ಬೀಳುತ್ತದಾ, ಅಥವಾ ಒಂದೇ ನಲ್ಲಿಯಲ್ಲಿ ಎಲ್ಲರೂ ಹಿಡಿಯಬೇಕಾ? ಮಷೀನ್ ಎಲ್ಲಿ ಇಡುತ್ತೀರಿ, ಅದರ ನೀರು ಎಲ್ಲಿಗೆ ಹೋಗುತ್ತದೆ? ವಠಾರದ ಅಂಗಳಕ್ಕೆ ಬಿಟ್ಟರೆ ಮೊದಲ ವಾರವೇ ಮಾತು ಬರುತ್ತದೆ. ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ನಮ್ಮ ವಠಾರದ ಬಾಗಿಲು ಒಂದು ಸ್ಕೂಟರ್ ಹೋಗುವಷ್ಟೇ ಇತ್ತು. ರಾತ್ರಿ ಹತ್ತಾದರೆ ಮುಖ್ಯ ಬಾಗಿಲು ಹಾಕುತ್ತಿದ್ದರು, ಲೇಟಾಗಿ ಬಂದವರು ಕೊನೆ ಮನೆಯವರನ್ನು ಎಬ್ಬಿಸಬೇಕಿತ್ತು.

ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ಮನೆ ಸಾಗಿಸುವ ದಿನ ಆರು ಮನೆಯ ಜನ ಬಂದು ಕೈ ಹಾಕುತ್ತಾರೆ. ಒಬ್ಬರ ಮನೆ ಕಾಫಿ, ಇನ್ನೊಬ್ಬರ ಮನೆ ಚಿತ್ರಾನ್ನ. ಫ್ಲ್ಯಾಟಿನಲ್ಲಿ ಅದು ಇಲ್ಲ.


ಬಿಲ್ಲು ಬರೆದವನು:

ವಿದ್ಯುತ್ ಇಲಾಖೆಯಿಂದ ರಿಟೈರ್ ಆದವನು. ವಠಾರದ ಬಗ್ಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ. ಮನೆಗೆ ಬೇರೆ ಮೀಟರ್ ಇದೆಯಾ? ಬೇರೆ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಇದೆಯಾ? ಹಳೇ ವಠಾರಗಳಲ್ಲಿ ಮಾಲೀಕರ ಹೆಸರಲ್ಲಿ ಒಂದೇ ಮೀಟರ್ ಇದ್ದು, ಒಳಗೆ ಸಬ್ ಮೀಟರ್ ಹಾಕಿ ಹಂಚಿಕೊಳ್ಳುವುದು ಉಂಟು. ಹಾಗಿದ್ದರೆ ಗೃಹಜ್ಯೋತಿಯ ಉಚಿತ ಕರೆಂಟು ನಿಮ್ಮ ಪಾಲಿಗೆ ಇಲ್ಲ ಅಂತಲೇ ಲೆಕ್ಕ. ಆ ಯೋಜನೆ ನಡೆಯುವುದು ಮೀಟರಿನ ಮೇಲೆ, ಎಲ್ಲರ ಯೂನಿಟ್ ಸೇರಿ 200 ದಾಟಿಬಿಟ್ಟರೆ ಪೂರ್ತಿ ಬಿಲ್ ಬರುತ್ತದೆ.

ಯಾವ ಮನೆಗೆ ಹೋದರೂ ಈ ಕ್ರಮ. ಮೊದಲು ಹಳೇ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಡಿ-ಲಿಂಕ್ ಮಾಡಿ. ಸೇವಾಸಿಂಧು ಪೋರ್ಟಲ್‌ನಲ್ಲೇ ಆಗುತ್ತದೆ. ಆಮೇಲೆ ಹೊಸ ಮನೆಯ ಆರ್‌ಆರ್ ನಂಬರಿಗೆ ಅರ್ಜಿ ಹಾಕಿ, ಬಾಡಿಗೆ ಕರಾರು ಪತ್ರ ಕೈಯಲ್ಲಿ ಇರಲಿ. ಹಿಂದಿನ ಬಾಡಿಗೆದಾರರ ಆಧಾರ್ ಆ ನಂಬರಿಗೆ ಇನ್ನೂ ಅಂಟಿಕೊಂಡಿದ್ದರೆ ನಿಮ್ಮ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಅಡ್ವಾನ್ಸ್ ಕೊಡುವಾಗಲೇ ಓನರಿಗೆ ಅದನ್ನು ಬಿಡಿಸಿಕೊಡಿ ಅನ್ನಿ. ಇನ್ನೊಂದು ತಿಳಿದಿರಲಿ. ಹೊಸ ಬಾಡಿಗೆದಾರರಿಗೆ ಶುರುವಿನಲ್ಲಿ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಹತ್ತು ಪರ್ಸೆಂಟ್, ಅಂದರೆ 58 ಯೂನಿಟ್ ಉಚಿತ ಅಂತ ಲೆಕ್ಕ. ಹಳೇ ಮನೆಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೂ ಇಲ್ಲಿ ಮೊದಮೊದಲು ಸ್ವಲ್ಪ ಕಟ್ಟಬೇಕಾಗಬಹುದು. ಗಾಬರಿ ಬೇಡ.

ಬೀಗದ ಕೈ ಕೊಡುವ ದಿನ ಹಳೇ ಮೀಟರಿನ ಫೋಟೋ ತೆಗೆದುಕೊಳ್ಳಿ. ಹೊಸ ಮನೆಯದ್ದೂ ಅದೇ ದಿನ ತೆಗೆಯಿರಿ.


ಅಸೋಸಿಯೇಷನ್ ತಲೆನೋವು:

ನಾನು ಒಂದು ಸಣ್ಣ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ (ಯಾರೂ ಒಪ್ಪದ ಕಾರಣ). ತ್ಯಾಗರಾಜನಗರದ ಫ್ಲ್ಯಾಟ್ ಬಗ್ಗೆ ಹೇಳುತ್ತೇನೆ. ಫ್ಲ್ಯಾಟ್ ಅಂದ ತಕ್ಷಣ ಬೀರಿನ ಸಮಸ್ಯೆ ಮುಗಿಯಿತು ಅಂದುಕೊಳ್ಳಬೇಡಿ.

ಸಣ್ಣ ಬಿಲ್ಡಿಂಗಿನಲ್ಲಿ ಇರುವುದು ಆರು ಜನರ ಲಿಫ್ಟ್. ಒಳಗಿನ ಫಲಕದಲ್ಲಿ 408 ಕೆಜಿ ಅಂತ ಬರೆದಿರುತ್ತದೆ. ತೂಕಕ್ಕೆ ಬೀರು ಏನೂ ಅಲ್ಲ. ಆದರೆ ಬಾಗಿಲಿನ ಎತ್ತರ ಸಾಮಾನ್ಯವಾಗಿ 2 ಮೀಟರ್. ಆರೂವರೆ ಅಡಿ ಬೀರು ಅಂದರೆ 1.98 ಮೀಟರ್. ಕಾಗದದ ಮೇಲೆ ಹೋಗುತ್ತದೆ. ಆದರೆ ನೆಟ್ಟಗೆ ನಿಲ್ಲಿಸಿಕೊಂಡೇ ಒಳಗೆ ತಳ್ಳಬೇಕು, ಒಂಚೂರು ವಾಲಿಸಿದರೂ ಮೇಲೆ ತಾಗುತ್ತದೆ. ಎಷ್ಟೋ ಕಡೆ ಲಿಫ್ಟಿನಲ್ಲಿ ಸಾಮಾನು ಬಿಡುವುದೇ ಇಲ್ಲ, ಸ್ಟೀಲ್ ಗೋಡೆ ಗೀಚುತ್ತದೆ ಅಂತ. ನಾವೂ ಬಿಡುವುದಿಲ್ಲ, ಬೈಕೊಳ್ಳಿ ಪರವಾಗಿಲ್ಲ. ನಿಮ್ಮದು ಮೊದಲನೇ ಮಹಡಿ, ಮೆಟ್ಟಿಲಲ್ಲೇ ಹೋಗಲಿ. ಅಪಾರ್ಟ್‌ಮೆಂಟಿನ ಮೆಟ್ಟಿಲು ಒಂಟಿ ಮನೆಗಳಿಗಿಂತ ಅಗಲ ಇರುತ್ತದೆ.

ಮುಂಚೆಯೇ ಕೇಳಬೇಕಾದ್ದು: ಸಾಮಾನು ಸಾಗಿಸುವುದಕ್ಕೆ ಯಾವ ಹೊತ್ತು, ಭಾನುವಾರ ಬಿಡುತ್ತಾರಾ, ಒಳಗೆ ಬರುವುದಕ್ಕೆ ಡೆಪಾಸಿಟ್ ಅಥವಾ ಶುಲ್ಕ ಇದೆಯಾ, ಗಾಡಿ ನಂಬರ್ ಹಿಂದಿನ ದಿನವೇ ಕೊಡಬೇಕಾ. ನಮ್ಮಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ಐದು. ಒಬ್ಬರು ರಾಹುಕಾಲ ಮುಗಿಯಲಿ ಅಂತ ಕಾದು ನಾಲ್ಕೂವರೆಗೆ ಗಾಡಿ ತಂದರು. ಐದಕ್ಕೆ ಸೆಕ್ಯೂರಿಟಿ ಗೇಟು ಹಾಕಿದ. ಅರ್ಧ ಮನೆ ರಸ್ತೆಯಲ್ಲಿ, ಅರ್ಧ ಮನೆ ಒಳಗೆ! ಆಮೇಲೆ ನಾನೇ ಹೋಗಿ ತೆಗೆಸಿದೆ.

ಇನ್ನು ಕಾರ್ ನಿಲ್ಲಿಸುವ ಸ್ಟಿಲ್ಟ್ ಎತ್ತರ ಕಡಿಮೆ, ಮುಚ್ಚಿದ ಬಾಡಿಯ ಗಾಡಿ ಒಳಗೆ ಬರುವುದಿಲ್ಲ. ಗೇಟಿನ ಹೊರಗೆ ಇಳಿಸಬೇಕು. ಅಲ್ಲಿ ಬೇರೆಯವರ ಕಾರು ನಿಂತಿರದ ಹಾಗೆ ನೋಡಿಕೊಳ್ಳಿ.


ಏಸ್ ಗಾಡಿ:

ಅಕ್ಕ, ನಾನು ಗಾಡಿ ಓಡಿಸುವವನು. ಪ್ಯಾಕರ್ಸ್‌ನವರು ನಿಮಗೆ 14 ಅಡಿ ಕ್ಯಾಂಟರ್ ಲೆಕ್ಕದಲ್ಲಿ ರೇಟು ಹೇಳಿರುತ್ತಾರೆ. ಎರಡು ರೂಮಿನ ಮನೆ ಒಂದೇ ಟ್ರಿಪ್ಪಿಗೆ ಹೋಗುತ್ತದೆ ಅಂತ. ಹೋಗುತ್ತದೆ ನಿಜ, ಆದರೆ ಆ ಗಾಡಿ ಹನುಮಂತನಗರದ ಅಡ್ಡರಸ್ತೆಗೆ ತಿರುಗುವುದಿಲ್ಲ. ಎರಡೂ ಕಡೆ ಕಾರು ನಿಂತಿರುತ್ತವೆ. ಮೇನ್ ರೋಡಿನಲ್ಲಿ ನಿಲ್ಲಿಸಿ ಅಲ್ಲಿಂದ ಹೊತ್ತುಕೊಂಡು ಹೋಗಬೇಕು. ಆಗ ಹುಡುಗರು "ದೂರ ಜಾಸ್ತಿ ಸರ್" ಅಂತ ಮತ್ತೆ ಕೇಳುತ್ತಾರೆ. ಅದೂ ಅಲ್ಲದೆ ದೊಡ್ಡ ಗಾಡಿಗಳನ್ನು ಬೆಳಗ್ಗೆ ಸಂಜೆ ಟ್ರಾಫಿಕ್ ಹೊತ್ತಿನಲ್ಲಿ ಊರೊಳಗೆ ಬಿಡುವುದಿಲ್ಲ.

ಒಂದೆರಡು ಕಿಲೋಮೀಟರಿಗೆ ಟಾಟಾ ಏಸ್ ಸಾಕು. ಡೆಕ್ಕು ಏಳು ಅಡಿ ಇರುತ್ತದೆ, ಮಂಚದ ಪಟ್ಟಿ ಸರಿಯಾಗಿ ಮಲಗುತ್ತದೆ, ಬೀರೂ ಮಲಗುತ್ತದೆ. ನಾಲ್ಕೈದು ಟ್ರಿಪ್ ಆಗಬಹುದು. ಆಗಲಿ ಬಿಡಿ. ಟ್ರಿಪ್ಪಿಗೆ ಇಷ್ಟು ಅಂತ ಮಾತಾಡಬೇಡಿ, ಅರ್ಧ ದಿನಕ್ಕೆ ಇಷ್ಟು ಅಂತ ಮಾತಾಡಿ. ಗಾಡಿ ಬೇರೆ, ಹೊರುವ ಹುಡುಗರು ಬೇರೆ. ಎಷ್ಟು ಜನ, ಯಾವ ಮಹಡಿಯಿಂದ ಯಾವ ಮಹಡಿಗೆ, ಬೀರು ಇದೆ, ಇಷ್ಟು ಮೊದಲೇ ಹೇಳಿ. ಬೀರು ಇದೆ ಅಂತ ಬಂದ ಮೇಲೆ ಹೇಳಿದರೆ ಯಾರಿಗೂ ಸಿಟ್ಟು ಬರುತ್ತದೆ, ಅಲ್ವಾ?

ಲೋಡ್ ಮಾಡುವ ಕ್ರಮ: ಮೊದಲ ಟ್ರಿಪ್ಪಿಗೆ ಮಂಚ, ಬೀರು, ಫ್ರಿಡ್ಜು. ದೊಡ್ಡದು ಹೋಗಿ ಜಾಗ ಹಿಡಿದ ಮೇಲೆ ಬಾಕ್ಸುಗಳು. ಎಷ್ಟೋ ಜನ ಬಾಕ್ಸು ಮೊದಲು ಕಳಿಸಿ ಹಾಲ್ ತುಂಬಿಸಿಬಿಡುತ್ತಾರೆ. ಆಮೇಲೆ ಬೀರು ಹೊತ್ತುಕೊಂಡು ಬಂದವರು ಕಾಲಿಡುವುದಕ್ಕೆ ಜಾಗ ಹುಡುಕಬೇಕು. ಬೀರಿನ ಹಲಗೆಗಳನ್ನು ಹೊರಗೆ ತೆಗೆಯಿರಿ, ಬಾಗಿಲು ಬೀಗ ಹಾಕಿ, ಹಿಡಿಗೆ ಟೇಪು ಸುತ್ತಿ. ಬೀಗದ ಕೈ ನಿಮ್ಮ ಪರ್ಸಿನಲ್ಲಿ ಇರಲಿ.

ಕುಂಡ ಕೊನೆ ಟ್ರಿಪ್ಪಿಗೆ. ಆ ಬೆಳಗ್ಗೆ ನೀರು ಹಾಕಬೇಡಿ, ಭಾರ ಆಗುತ್ತದೆ, ಗಾಡಿ ತುಂಬ ಕೆಸರು.


ದರ ಕೇಳಿ ಸುಸ್ತು:

ಪ್ಯಾಕರ್ಸ್ ಬಗ್ಗೆ ನನ್ನ ಎರಡು ಮಾತು. ಹೆಸರು ಹೇಳುವುದಿಲ್ಲ. ಫೋನಿನಲ್ಲಿ ಒಂದು ರೇಟು ಹೇಳಿದರು. ಸಾಮಾನು ಅರ್ಧ ಗಾಡಿಗೆ ಹೋದ ಮೇಲೆ ಪ್ಯಾಕಿಂಗ್ ಸಾಮಗ್ರಿ ಬೇರೆ, ಮೆಟ್ಟಿಲು ಬೇರೆ, ಜಿಎಸ್‌ಟಿ ಬೇರೆ ಅಂದರು. ಗಾಡಿ ಒಳಗಿರುವ ಸಾಮಾನಿನ ಮುಂದೆ ನಿಂತು ಯಾರು ಜಗಳ ಆಡುತ್ತಾರೆ? ಕೊಟ್ಟೆ. ಮನೆಗೆ ಬಂದು ಸಾಮಾನು ನೋಡಿ, ಎಲ್ಲ ಸೇರಿಸಿ ಬರೆದುಕೊಟ್ಟ ರೇಟು ಮಾತ್ರ ರೇಟು. ಬೇರೆ ಊರಿಗೆ ಹೋಗುವುದಾದರೆ ಪ್ಯಾಕರ್ಸ್ ಬೇಕು. ಎನ್‌ಆರ್ ಕಾಲೋನಿಯಿಂದ ತ್ಯಾಗರಾಜನಗರಕ್ಕೆ ಯಾಕೆ?


ಕಾಫಿ ಲೋಟ:

ಯಾಕೆ ಅಂದರೆ ಎಲ್ಲರ ಮನೆಯಲ್ಲೂ ಕಟ್ಟಿಕೊಡುವುದಕ್ಕೆ ಜನ ಇರುವುದಿಲ್ಲ ಸ್ವಾಮಿ. ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ವಯಸ್ಸಾದವರು. ನಾವು ಪ್ಯಾಕರ್ಸ್‌ಗೇ ಕೊಟ್ಟೆವು, ಒಂದು ಲೋಟವೂ ಒಡೆಯಲಿಲ್ಲ. ದುಡ್ಡು ಹೋಯಿತು, ಸೊಂಟ ಉಳಿಯಿತು.


ದರ ಕೇಳಿ ಸುಸ್ತು:

ಅದೂ ಸರಿಯೇ. ಅಡಿಗೆಮನೆ ಮಾತ್ರ ಅವರಿಗೆ ಕೊಟ್ಟು ಉಳಿದಿದ್ದು ನಾವೇ ಕಟ್ಟಬಹುದು. ಕೆಲವರು ಹಾಗೂ ಒಪ್ಪುತ್ತಾರೆ.


ಗೊಂಬೆ ಅಜ್ಜಿ:

ಸೊಸೆ ಅಂತ ಹೆಸರು ಇಟ್ಟುಕೊಂಡಿದ್ದೀಯ, ಅದಕ್ಕೆ ಅಜ್ಜಿಯಾಗಿ ಹೇಳುತ್ತೇನೆ ಮಗು.

ಗೊಂಬೆ ಪೆಟ್ಟಿಗೆ, ಉಪ್ಪಿನಕಾಯಿ ಜಾಡಿ, ದೇವರ ಮನೆ ಸಾಮಾನು ಗಾಡಿಗೆ ಹಾಕಬೇಡ. ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗು. ಪಟ್ಟದ ಗೊಂಬೆಗಳನ್ನು ಹಳೇ ಕಾಟನ್ ಸೀರೆಯಲ್ಲಿ ಸುತ್ತು. ನ್ಯೂಸ್ ಪೇಪರ್ ಬೇಡ, ಅದರ ಮಸಿ ಬಣ್ಣಕ್ಕೆ ಅಂಟುತ್ತದೆ. ಮಣ್ಣಿನ ಗೊಂಬೆಗೆ ಮೂಗು, ಬೆರಳು ಮೊದಲು ಹೋಗುವುದು. ಅಲ್ಲಿಗೆ ಸ್ವಲ್ಪ ಹತ್ತಿ ಇಟ್ಟು ಆಮೇಲೆ ಸೀರೆ ಸುತ್ತು. ಜಾಡಿ ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಮುಚ್ಚಳ. ಕದಡಿದರೆ ಉಪ್ಪಿನಕಾಯಿ ಕೆಡುತ್ತದೆ ಅನ್ನುವವರು ಇದ್ದಾರೆ, ನನ್ನದಂತೂ ಕೆಟ್ಟಿಲ್ಲ.

ಅಟ್ಟದ ಹಿತ್ತಾಳೆ ತಾಮ್ರ ಈಗಲೇ ಇಳಿಸಿ ನೋಡು. ಹೊಸ ಮನೆಗಳಲ್ಲಿ ಅಟ್ಟ ಎಲ್ಲಿದೆ? ವಾರ್ಡ್‌ರೋಬ್ ಮೇಲೆ ಒಂದಡಿ ಜಾಗ ಬಿಟ್ಟು ಅದನ್ನೇ ಲಾಫ್ಟ್ ಅನ್ನುತ್ತಾರೆ. ಹಂಡೆ ಹಿಡಿಸುತ್ತದಾ ಅದರಲ್ಲಿ? ಅತ್ತೆಯವರನ್ನು ಕೂರಿಸಿಕೊಂಡು, ಯಾವುದು ಇರಬೇಕು ಯಾವುದು ಪಾತ್ರೆ ಅಂಗಡಿಗೆ ಹೋಗಬೇಕು ಅಂತ ಅವರ ಬಾಯಿಂದಲೇ ಹೇಳಿಸು. ನೀನು ಹೇಳಬೇಡ. ಅವರಿಲ್ಲದಾಗ ಕೊಡಲೇಬೇಡ, ಜನ್ಮ ಪೂರ್ತಿ ಕೇಳಬೇಕಾಗುತ್ತದೆ.

ಆಷಾಢದ ವಿಷಯ. ಆಷಾಢಕ್ಕೆ ಮುಂಚೆ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿಬಿಡಿ. ದೇವರ ಫೋಟೋ, ತುಂಬಿದ ಕಳಶ, ಉಪ್ಪು, ಅಕ್ಕಿ, ಬೇಳೆ ಇಟ್ಟು ಒಂದು ರಾತ್ರಿ ಅಲ್ಲೇ ಮಲಗಿ. ಅಲ್ಲಿಗೆ ನೀವು ಆ ಮನೆಗೆ ಹೋದ ಹಾಗೆ. ಸಾಮಾನು ಆಮೇಲೆ ಯಾವತ್ತು ಬೇಕಾದರೂ ಹೋಗಲಿ. ನಮ್ಮ ಕಡೆ ಹಿಂದಿನಿಂದ ಹೀಗೇ ಮಾಡುತ್ತಿದ್ದೆವು.


ಏಸ್ ಗಾಡಿ:

ಅಜ್ಜಿ ಹೇಳಿದ್ದು ಚಿನ್ನದಂಥ ಮಾತು. ಆಷಾಢಕ್ಕೆ ಮುಂಚಿನ ವಾರ ಎಲ್ಲರೂ ಒಟ್ಟಿಗೆ ಬೀಳುತ್ತಾರೆ, ಗಾಡಿಯೇ ಸಿಗುವುದಿಲ್ಲ. ಆಷಾಢ ಬಂದರೆ ನಾವು ಸುಮ್ನೆ ಕೂತಿರುತ್ತೇವೆ. ಹೇಳಿದ ರೇಟಿಗೆ ಬರುತ್ತೇವೆ, ಹುಡುಗರೂ ಸಿಗುತ್ತಾರೆ. ಧನುರ್ಮಾಸದಲ್ಲೂ ಹೀಗೇ.


ಎಲ್ಲ ಮೂಢನಂಬಿಕೆ:

ದಿನ ಗಿನ ನೋಡದೆ ಹೋದರೆ ಏನಾಗುತ್ತದೆ? ನಾನು ಮಂಗಳವಾರ ರಾಹುಕಾಲದಲ್ಲೇ ಹೋದೆ, ಚೆನ್ನಾಗಿದ್ದೇನೆ.


ಗೊಂಬೆ ಅಜ್ಜಿ:

ನೀನು ಚೆನ್ನಾಗಿರಪ್ಪ. ನಿನಗೆ ಅತ್ತೆ ಇಲ್ಲ ಅನ್ನಿಸುತ್ತದೆ.


ಮೂರನೇ ಮಹಡಿ:

ಹಹ್ಹಾ. ದಿನ ನೋಡದಿದ್ದರೂ ಈ ಏರಿಯಾದಲ್ಲಿ ಕ್ಯಾಲೆಂಡರ್ ನೋಡಲೇಬೇಕು. ಕಾರ್ತಿಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ. ಆಗ ಬುಲ್ ಟೆಂಪಲ್ ರಸ್ತೆ ಕಡೆ ಗಾಡಿ ತಂದರೆ ಸಾಮಾನಿನ ಜೊತೆ ನೀವೂ ಪರಿಷೆಯಲ್ಲೇ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹಿಂದಿನ ದಿನ ಗಾಂಧಿಬಜಾರ್ ಕಡೆಗೂ ತಲೆ ಹಾಕಬೇಡಿ.


ಎನ್‌ಆರ್ ಕಾಲೋನಿ ಸೊಸೆ:

ಎಷ್ಟು ಚೆನ್ನಾಗಿ ಹೇಳಿದಿರಿ ಎಲ್ಲರೂ. ಅಜ್ಜಿ, ನಿಮ್ಮ ಮಾತು ಅತ್ತೆಗೆ ಓದಿ ಹೇಳಿದೆ. "ಯಾರೋ ತಿಳಿದವರು" ಅಂದರು.

ಅಳತೆ ತಂದಿದ್ದೇವೆ. ಹನುಮಂತನಗರದ ಮೆಟ್ಟಿಲು 2 ಅಡಿ 7 ಇಂಚು, ತಿರುವಿನಲ್ಲಿ ತ್ರಿಕೋನದ ಮೆಟ್ಟಿಲು. ಬಾಲ್ಕನಿಗೆ ಗ್ರಿಲ್. ಬಿಟ್ಟೆವು. ವಠಾರದಲ್ಲಿ ಕೇಳಿದೆ. ಮೀಟರ್ ಬೇರೆ ಇದೆ, ಸಂಪೂ ಇದೆ, ಟಾಯ್ಲೆಟ್ ಒಳಗೇ ಇದೆ, ಓನರ್ ಕಮೋಡ್ ಹಾಕಿಸಿಕೊಡಲು ರೆಡಿ. ಆದರೆ ಓಣಿಯ ಬಾಗಿಲು 2 ಅಡಿ 8 ಇಂಚು, ದಾಟಿದ ಕೂಡಲೇ ಬಲಕ್ಕೆ ತಿರುಗಬೇಕು. ಬೀರು ಹೇಗೋ ಓರೆಯಾಗಿ ಹೋಗುತ್ತದಂತೆ. ನಿಜವಾದ ತೊಂದರೆ ಮನೆ ಒಳಗೆ. ಮಂಚ, ಬೀರು, ಮಗನ ಟೇಬಲ್ ಇಟ್ಟರೆ ನಡೆದಾಡುವುದಕ್ಕೆ ಜಾಗ ಉಳಿಯುವುದಿಲ್ಲ. ಅವನಿಗೆ ಮುಂದಿನ ವರ್ಷ ಒಂಬತ್ತನೇ ಕ್ಲಾಸು. ಅತ್ತೆಯೇ ನೋಡಿ ಬಂದು, "ಚೆನ್ನಾಗಿದೆ, ಆದರೆ ಈ ಹುಡುಗ ಎಲ್ಲಿ ಕೂತು ಓದುತ್ತಾನೆ" ಅಂದರು. ಫ್ಲ್ಯಾಟಿನ ಮೆಟ್ಟಿಲು 3 ಅಡಿ 9 ಇಂಚು, ತಿರುವಿನ ಚೌಕ ಧಾರಾಳ. ಅಲ್ಲಿಗೆ ಫ್ಲ್ಯಾಟೇ ಅಂತ ಆಯಿತು. ಕೆಳಗಡೆ ಸಂಜೆ ಮೂರು ಜನ ಹೆಂಗಸರು ಬೆಂಚಿನ ಮೇಲೆ ಕೂತಿದ್ದು ಅತ್ತೆ ನೋಡಿಕೊಂಡಿದ್ದಾರೆ.

ಈಗ ಎರಡು ಪ್ರಶ್ನೆ. ಇಲ್ಲಿನ ಅಡ್ವಾನ್ಸ್ ಹತ್ತು ತಿಂಗಳಿನದು ಓನರ್ ಹತ್ತಿರ ಇದೆ, ಬೀಗದ ಕೈ ಕೊಟ್ಟ ಮೇಲೆ ಕೊಡುತ್ತಾರಂತೆ. ಹೊಸ ಕಡೆ ಈಗಲೇ ಕೊಡಬೇಕು. ಜೊತೆಗೆ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಮಾತು ಬಂದಿದೆ. ಗ್ಯಾಸ್ ಸಿಲಿಂಡರ್ ಏನು ಮಾಡಬೇಕು?


ದರ ಕೇಳಿ ಸುಸ್ತು:

ಒಡೆಯುವ ಮನೆಗೆ ಪೇಂಟಿಂಗಾ??


ಬಿಲ್ಲು ಬರೆದವನು:

ಅದೇ ನಾನೂ ಕೇಳಬೇಕೆಂದಿದ್ದು. ಪೇಂಟಿಂಗ್ ದುಡ್ಡು ಹಿಡಿಯುವುದು ಮುಂದಿನ ಬಾಡಿಗೆದಾರರಿಗೆ ಮನೆ ರೆಡಿ ಮಾಡುವುದಕ್ಕೆ. ಇಲ್ಲಿ ಮುಂದಿನ ಬಾಡಿಗೆದಾರ ಜೆಸಿಬಿ. ಕರಾರು ಪತ್ರ ತೆಗೆದು ಆ ಸಾಲು ಓದಿ. "ಒಂದು ತಿಂಗಳ ಬಾಡಿಗೆ ಕಡಿತ" ಅಂತ ಸ್ಪಷ್ಟವಾಗಿ ಇದ್ದರೂ ಕೂತು ಮಾತಾಡಿ. ಮನೆ ಬಿಡಿಸುತ್ತಿರುವವರು ಅವರು, ನೀವಾಗಿ ಹೋಗುತ್ತಿಲ್ಲ. ಒಳ್ಳೆಯ ಜನ ಅಂದಿರಲ್ಲ, ಕೇಳಿದರೆ ಬಿಟ್ಟಾರು. ಅಡ್ವಾನ್ಸ್ ಅರ್ಧವಾದರೂ ಈಗ ಕೊಡಿ, ಉಳಿದಿದ್ದು ಬೀಗದ ದಿನ ಅಂತ ಕೇಳಿ. ಬಿಲ್ಡರಿನಿಂದ ಅವರಿಗೆ ದುಡ್ಡು ಬರುವ ಟೈಮ್ ಇದು. ಯಾವುದೇ ಕೊಟ್ಟರೂ ತೆಗೆದುಕೊಂಡರೂ ಬ್ಯಾಂಕಿನ ಮೂಲಕವೇ ಇರಲಿ.


ಕಾಫಿ ಲೋಟ:

ಹೊಸ ಕಡೆಯೂ ಹತ್ತು ತಿಂಗಳು ಕೇಳಿದರೆ ಒಪ್ಪಬೇಡಿ, ಇಳಿಸುತ್ತಾರೆ. ಈಗ ಐದಾರು ತಿಂಗಳಿಗೆ ಒಪ್ಪುವವರು ಬೇಕಾದಷ್ಟು ಜನ. ಕರಾರು 11 ತಿಂಗಳಿಗೇ ಬರೆಯುತ್ತಾರೆ, ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಅಂತ. ಮೇಂಟೆನೆನ್ಸ್ ಯಾರು ಕಟ್ಟುವುದು, ಟ್ಯಾಂಕರ್ ನೀರು ತರಿಸಿದ ತಿಂಗಳು ಹೆಚ್ಚಿಗೆ ಬಂದರೆ ಯಾರದು, ಬರೆಸಿ. 2024ರ ಬೇಸಿಗೆ ನೆನಪಿದೆಯಲ್ಲ, ಬೋರ್‌ವೆಲ್ ನಂಬಿದ ಅಪಾರ್ಟ್‌ಮೆಂಟುಗಳ ಪಾಡು.

ಗ್ಯಾಸ್: ಒಂದೇ ಏಜೆನ್ಸಿ ಎರಡೂ ಕಡೆಗೆ ಬಂದರೆ ಬರೀ ವಿಳಾಸ ಬದಲಾವಣೆ. ಏಜೆನ್ಸಿ ಬೇರೆ ಆದರೆ ವರ್ಗಾವಣೆ ಮಾಡಿಸಿ. ಊರೊಳಗೇ ಆದ್ದರಿಂದ ಸಿಲಿಂಡರ್, ರೆಗ್ಯುಲೇಟರ್ ವಾಪಸ್ ಕೊಡುವ ಹಾಗಿಲ್ಲ, ಪುಸ್ತಕ ಮಾತ್ರ ಆ ಕಡೆ ಹೋಗುತ್ತದೆ. ಬೇರೆ ಊರಾದರೆ ಕೊಟ್ಟು ಡೆಪಾಸಿಟ್ ತೆಗೆದುಕೊಳ್ಳಬೇಕು. ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ, ಸೇಫ್ಟಿ ಕ್ಯಾಪ್ ಹಾಕಿ.

ವೋಟರ್ ಐಡಿ ಮರೆಯಬೇಡಿ, ಫಾರಂ 8. ಕ್ಷೇತ್ರ ಅದೇ ಆದರೂ ಬೂತ್ ಬದಲಾಗುತ್ತದೆ.


ಟೇಪು ಹಿಡಿದವ:

ಮಷೀನ್ ಬಗ್ಗೆ ಯಾರೂ ಹೇಳಲಿಲ್ಲ. ಫ್ರಂಟ್ ಲೋಡ್ ಅಂದರೆ ಹೊಸದಾಗಿ ಬಂದಾಗ ಹಿಂಭಾಗದಲ್ಲಿ ಉದ್ದ ಬೋಲ್ಟುಗಳು ಇದ್ದವು, ಟ್ರಾನ್ಸಿಟ್ ಬೋಲ್ಟ್ ಅಂತ. ಸಾಗಿಸುವಾಗ ಅದನ್ನು ಮತ್ತೆ ಹಾಕಿದರೆ ಡ್ರಮ್ ಅಲ್ಲಾಡುವುದಿಲ್ಲ. ಹೊಸ ಮನೆಯಲ್ಲಿ ಸ್ವಿಚ್ ಹಾಕುವ ಮುಂಚೆ ನೆನಪಿಟ್ಟು ತೆಗೆಯಬೇಕು, ಇಲ್ಲದಿದ್ದರೆ ಮಷೀನೇ ಕುಣಿಯುತ್ತದೆ. ಬೋಲ್ಟ್ ಕಳೆದಿದ್ದರೆ ಸರ್ವಿಸ್‌ನವರ ಹತ್ತಿರ ಸಿಗುತ್ತದೆ. ಇನ್ವರ್ಟರ್ ಬ್ಯಾಟರಿ ವಾಲಬಾರದು, ಆಸಿಡ್ ಚೆಲ್ಲುತ್ತದೆ. ಗಾಡಿಯಲ್ಲಿ ಬಟ್ಟೆ ಗಂಟಿನ ಪಕ್ಕ ಮಾತ್ರ ಇಡಬೇಡಿ. ಫ್ರಿಡ್ಜು ನಿಂತುಕೊಂಡೇ ಹೋಗಲಿ. ಇಟ್ಟ ಮೇಲೆ ಒಂದೆರಡು ಗಂಟೆ ಬಿಟ್ಟು ಆನ್ ಮಾಡಿ, ಮಲಗಿಸಿ ತಂದಿದ್ದರೆ ಇನ್ನೂ ಜಾಸ್ತಿ ಹೊತ್ತು ಬಿಡಬೇಕು.

ಪುಸ್ತಕಕ್ಕೆ ಸಣ್ಣ ಡಬ್ಬ. ದೊಡ್ಡ ಡಬ್ಬಕ್ಕೆ ತುಂಬಿದರೆ ತಳ ಕಿತ್ತು ಮೆಟ್ಟಿಲ ಮೇಲೇ ಲೈಬ್ರರಿ. ವೈನ್ ಶಾಪಿನ ರಟ್ಟಿನ ಡಬ್ಬ ಒಳ್ಳೆ ಗಟ್ಟಿ ಇರುತ್ತದೆ. ಅತ್ತೆಯವರು ಏನಂತಾರೋ ಗೊತ್ತಿಲ್ಲ.


ಎನ್‌ಆರ್ ಕಾಲೋನಿ ಸೊಸೆ:

ಲೇಬಲ್ ಒಳಗಡೆ ಬರುವ ಹಾಗೆ ಮಡಿಸಿ ತಂದಿದ್ದಾರೆ ನಮ್ಮವರು :)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲ ಮುಗಿಯಿತು. ಹಾಲು ಆಷಾಢಕ್ಕೆ ಮುಂಚೆ ಉಕ್ಕಿಸಿದೆವು, ಸಾಮಾನು ಆಷಾಢದಲ್ಲಿ ಬಂತು. ಏಸ್ ಗಾಡಿಯವರು ಅರ್ಧ ದಿನದ ಲೆಕ್ಕಕ್ಕೇ ಸಿಕ್ಕಿದರು. ಬೀರು ಮೆಟ್ಟಿಲಲ್ಲಿ ಹೋಯಿತು, ತಿರುವಿನಲ್ಲಿ ಒಂದು ಸಲ ನೆಟ್ಟಗೆ ನಿಲ್ಲಿಸಿ ತಿರುಗಿಸಿದರು, ಗೋಡೆಗೆ ಒಂದು ಗೀರೂ ಆಗಲಿಲ್ಲ. ಪೇಂಟಿಂಗ್ ದುಡ್ಡು ಓನರ್ ಬಿಟ್ಟರು. ಗೃಹಜ್ಯೋತಿ ಅರ್ಜಿ ಸಿಕ್ಕಿಹಾಕಿಕೊಂಡಿತ್ತು, ಹಿಂದಿನವರು ಡಿ-ಲಿಂಕ್ ಮಾಡಿರಲಿಲ್ಲ. ಹೊಸ ಓನರ್ ಅವರಿಗೆ ಫೋನ್ ಮಾಡಿ ಮಾಡಿಸಿದರು.

ಎರಡು ದೊಡ್ಡ ಹಂಡೆ ಅತ್ತೆಯೇ ಅಂಗಡಿಗೆ ಕೊಟ್ಟರು. ಮೂರನೆಯದರಲ್ಲಿ ಗೊಂಬೆ ಪೆಟ್ಟಿಗೆಯ ಸೀರೆಗಳಿವೆ, ಅದು ನಮ್ಮ ಮಂಚದ ಕೆಳಗಿದೆ.


ಹೊಸ ಜೋಡಿ, ಸಣ್ಣ ಸಾಮಾನು:

ಅಕ್ಕ, ಇಡೀ ಚರ್ಚೆ ಓದಿದೆ. ನಾವು ಇಬ್ಬರೇ, ಮದುವೆಯಾಗಿ ಮೈಸೂರಿನಿಂದ ಬರುತ್ತಿದ್ದೇವೆ. ಆ ವಠಾರದ ಮನೆ ಇನ್ನೂ ಖಾಲಿ ಇದೆಯಾ?


ಎನ್‌ಆರ್ ಕಾಲೋನಿ ಸೊಸೆ:

ಮೊನ್ನೆ ಗಾಂಧಿಬಜಾರಿಗೆ ಹೋದಾಗ ಟು-ಲೆಟ್ ಬೋರ್ಡ್ ಇನ್ನೂ ಇತ್ತು. ಓನರ್ ನಂಬರ್ ಇಲ್ಲಿ ಹಾಕುವುದಿಲ್ಲ, ಇನ್‌ಬಾಕ್ಸ್ ನೋಡಿ. ಕಮೋಡ್ ಹಾಕಿಸುತ್ತೇನೆ ಅಂದಿದ್ದರು, ಹಾಕಿಸಿದ್ದಾರಾ ಕೇಳಿ. ರೂಮಿನ ಬಾಗಿಲು ಎರಡೂವರೆ ಅಡಿ, ಒಳಗೆ 9 ಅಡಿ 10 ಅಡಿ. ಮಂಚ ಕೊಳ್ಳುವುದಿದ್ದರೆ ಬಿಚ್ಚುವಂಥದ್ದೇ ತೆಗೆದುಕೊಳ್ಳಿ.


ವಠಾರದ ಹುಡುಗ:

ರಾತ್ರಿ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಅಂತಲೂ ಕೇಳಿಬಿಡಿ.